ಅಂಜಲ್ ಮೀನಿನ ಜ್ಯಾವ್‌ಜ: ನಾಲ್ಕು ಭಾನುವಾರಗಳ ಲೆಕ್ಕ

ಮೊದಲ ಭಾನುವಾರ 32 ಮಾಡಿದೆ. ಅದರಲ್ಲಿ 11 ಕುದಿಯುವ ನೀರಲ್ಲೇ ಒಡೆದವು. ಒಡೆದದ್ದರ ಹೂರಣ ಪಾತ್ರೆ ತುಂಬ ಹರಡಿತು. ಉಳಿದ 21ಕ್ಕೂ ಬಿಳಿ ಬಿಳಿ ಮೀನಿನ ಚೂರು ಮೆತ್ತಿಕೊಂಡಿತು. ನಾಲ್ಕನೇ ಭಾನುವಾರ 59 ಮಾಡಿದೆ. ಒಂದೂ ಒಡೆಯಲಿಲ್ಲ. ನಡುವೆ ಏನೇನು ಬದಲಾಯಿಸಿದೆ ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಜ್ಯಾವ್‌ಜ ಅಂದರೆ ಉತ್ತರ ಚೀನಾದ ಮನೆಗಳ ಕಡುಬು. ಗೋಧಿ ಹಿಟ್ಟಿನ ಹಾಳೆ, ಒಳಗೆ ಹೂರಣ. ಅರ್ಧಚಂದ್ರದ ಹಾಗೆ ಮಡಿಸಿ ಅಂಚು ಒತ್ತಿದರೆ ಆಯಿತು. ನಮ್ಮಲ್ಲಿ ಸಿಗುವ ಮೊಮೊ ಇದರ ನೆಂಟ. ಮೊಮೊ ಹೆಚ್ಚಾಗಿ ಹಬೆಯಲ್ಲಿ ಬೇಯುತ್ತದೆ. ಜ್ಯಾವ್‌ಜವನ್ನು ಮನೆಗಳಲ್ಲಿ ಹೆಚ್ಚಾಗಿ ನೀರಲ್ಲೇ ಬೇಯಿಸುತ್ತಾರೆ. ಹೂರಣ ಒಂದೊಂದು ಮನೆಗೆ ಒಂದೊಂದು. ಹಂದಿ ಮಾಂಸ ಮತ್ತು ಎಲೆಕೋಸು, ಕುರಿ ಮಾಂಸ ಮತ್ತು ಕ್ಯಾರೆಟ್, ಮೊಟ್ಟೆ ಮತ್ತು ಸೊಪ್ಪು, ಹೀಗೆ. ನಾನು ಮಾಡಿದ್ದು ಮೀನಿನದು. ಅದಕ್ಕೆ ಕಾರಣ ಇದೆ.

ಕೆಲಸದ ಮೇಲೆ ನಾನು ಎರಡು ವರ್ಷ ದಾಲಿಯನ್‌ನಲ್ಲಿದ್ದೆ. ಅದು ಲಿಯಾವ್‌ನಿಂಗ್ ಪ್ರಾಂತ್ಯದ ಬಂದರು ಊರು. ಎದುರು ಮನೆಯಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಇದ್ದರು. ಅಲ್ಲಿ ಅಂಥವರನ್ನು 'ಆಯಿ' ಅಂತ ಕರೆಯುತ್ತಾರೆ, ನಾವು ಚಿಕ್ಕಮ್ಮ ಅನ್ನುವ ಹಾಗೆ. ಕೊಂಕಣಿಯಲ್ಲಿ ಆಯಿ ಅಂದರೆ ಅಮ್ಮ ಅಲ್ವಾ? ಹಾಗಾಗಿ ಆ ಪದ ಮೊದಲ ದಿನವೇ ನನ್ನ ಬಾಯಿಗೆ ಹತ್ತಿತು.

ಏಪ್ರಿಲ್, ಮೇ ಬಂತು ಅಂದರೆ ಅಲ್ಲಿನ ಮೀನು ಮಾರುಕಟ್ಟೆಯಲ್ಲಿ 'ಬಾ ಯೂ' ರಾಶಿ ಬೀಳುತ್ತದೆ. ಮೊದಲ ಸಲ ನೋಡಿದಾಗ ನಿಂತಲ್ಲೇ ನಿಂತೆ. ಉದ್ದ ಮೈ, ನೀಲಿ ಬೆನ್ನು, ಪಕ್ಕದಲ್ಲಿ ಬೂದು ಚುಕ್ಕೆ. ನಮ್ಮ ಅಂಜಲ್! ಆಮೇಲೆ ಹುಡುಕಿ ನೋಡಿದೆ. ಎರಡೂ ಸ್ಕೊಂಬೆರೊಮೊರಸ್ ಅನ್ನುವ ಒಂದೇ ಕುಲದ ಮೀನುಗಳು, ಜಾತಿ ಮಾತ್ರ ಬೇರೆ. ಸಮುದ್ರದ ಆಚೆ ದಡದ ಚಿಂಗ್‌ಡಾವ್‌ನಲ್ಲಿ ವಸಂತ ಕಾಲಕ್ಕೆ ಅಳಿಯಂದಿರು ಮಾವನ ಮನೆಗೆ ಈ ಮೀನು ಒಯ್ಯುವ ಪದ್ಧತಿಯೇ ಇದೆ. ಬಾ ಯೂ ಹಾಕಿದ ಜ್ಯಾವ್‌ಜ ಆ ಕರಾವಳಿಯವರ ವಿಶೇಷ. ಬೇರೆ ಹೂರಣದ್ದಕ್ಕಿಂತ ಗಾತ್ರ ದೊಡ್ಡದು. ಕಚ್ಚಿದರೆ ಒಳಗೆ ಮೀನು ಬೆಣ್ಣೆಯ ಹಾಗೆ ಮೆತ್ತಗೆ ಇರುತ್ತದೆ.

ಆಯಿಯ ಅಡುಗೆಮನೆಯಲ್ಲಿ ಕೂತು ನಾನು ಎಷ್ಟೋ ಸಲ ಜ್ಯಾವ್‌ಜ ಮಡಿಸಿದ್ದೇನೆ. ಆದರೆ ಕಣಕ ಕಲಸುವುದು, ಹೂರಣ ಕಲಸುವುದು, ಬೇಯಿಸುವುದು ಎಲ್ಲ ಅವರದೇ. ಮಂಗಳೂರಿಗೆ ವಾಪಸ್ ಬಂದು ಒಬ್ಬನೇ ಮಾಡಲು ಹೊರಟಾಗ ಗೊತ್ತಾಯಿತು, ನಾನು ಕಲಿತದ್ದು ಕಾಲುಭಾಗ ಅಂತ. ಅವರು ಪದೇ ಪದೇ ಹೇಳುತ್ತಿದ್ದ ಒಂದು ಮಾತು ನೆನಪಿತ್ತು: "ನೀರು ನೋಡಿಕೋ." ಯಾವ ನೀರು ಅಂತ ಆಗ ಕೇಳಿರಲಿಲ್ಲ. ಕಣಕದ ನೀರಾ, ಹೂರಣದ ನೀರಾ, ಪಾತ್ರೆಯ ನೀರಾ? ಮೂರೂ ಅಂತ ತಿಳಿಯಲು ನನಗೆ ನಾಲ್ಕು ಭಾನುವಾರ ಬೇಕಾಯಿತು.

ಮೊದಲ ಭಾನುವಾರ

ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮಳೆ ಕಳೆದು ನವೆಂಬರಿನಲ್ಲಿ ಅಂಜಲ್ ಚೆನ್ನಾಗಿ ಬರತೊಡಗಿದ ಮೇಲೆ ಶುರು ಮಾಡಿದೆ. ಮೀನು ಬಂದರಿನ ದಕ್ಕೆಗೆ ಹೋಗಿ 900 ಗ್ರಾಮಿನ ಒಂದು ಮೀನು ತಗೊಂಡೆ.

"ತುಂಡು ಬೇಡ ಅಕ್ಕ, ಬೆನ್ನಿನಿಂದ ಉದ್ದಕ್ಕೆ ಸೀಳಿ ಕೊಡಿ" ಅಂದೆ.

"ಫ್ರೈಗೆ ತುಂಡೇ ಒಳ್ಳೇದು" ಅಂದರು ಅವರು. ಫ್ರೈಗಲ್ಲ ಅಂದ ಮೇಲೆ ನನ್ನನ್ನೊಮ್ಮೆ ನೋಡಿ ಸೀಳಿ ಕೊಟ್ಟರು.

ಮಾಂಸ ತೆಗೆಯುವುದು ಮಾತ್ರ ನನಗೆ ಸರಿಯಾಗಿ ಗೊತ್ತಿತ್ತು. ಸೀಳಿದ ಹೋಳನ್ನು ಚರ್ಮ ಕೆಳಗೆ ಮಾಡಿ ಹಲಗೆಯ ಮೇಲೆ ಇಡಬೇಕು. ಸ್ಟೀಲ್ ಚಮಚದ ಅಂಚಿನಿಂದ ಬಾಲದ ಕಡೆಯಿಂದ ತಲೆಯ ಕಡೆಗೆ ಕೆರೆಯಬೇಕು. ಚಾಕು ಬೇಡವೇ ಬೇಡ. ಮಾಂಸ ಗಂಜಿಯ ಕೆನೆಯ ಹಾಗೆ ಚಮಚದ ಮೇಲೆ ಮಡಚಿಕೊಂಡು ಬರುತ್ತದೆ. ಮುಳ್ಳು, ಚರ್ಮ ಹಲಗೆಯಲ್ಲೇ ಉಳಿಯುತ್ತವೆ. ನಡುವೆ ಉದ್ದಕ್ಕೆ ಕಂದು ಕೆಂಪಾದ ಒಂದು ಪಟ್ಟಿ ಸಿಗುತ್ತದೆ. ಅದಕ್ಕೆ ಮೀನಿನ ವಾಸನೆ ಜಾಸ್ತಿ, ಅದನ್ನು ಬಿಟ್ಟುಬಿಡಿ. ಕೊನೆಗೆ ಕೈಗೆ ಸಿಕ್ಕಿದ್ದು 400 ಗ್ರಾಮಿಗೆ ಸ್ವಲ್ಪ ಮೇಲೆ. ತಲೆ, ಮುಳ್ಳು ಅಮ್ಮ ಸಾರಿಗೆ ಹಾಕಿದರು.

ಇನ್ನು ತಪ್ಪಿದ್ದು. 300 ಗ್ರಾಂ ಮೈದಾಕ್ಕೆ 180 ಮಿಲಿ ನೀರು ಹಾಕಿದೆ. ಚಪಾತಿ ಹಿಟ್ಟಿನ ಹಾಗೆ ಮೆತ್ತಗೆ ಬರಲಿ ಅಂತ. ಲಟ್ಟಿಸುವಾಗ ಮಣೆಗೆ ಅಂಟಿತು. ಅಂಟದಿರಲಿ ಅಂತ ಒಣ ಹಿಟ್ಟು ಉದುರಿಸಿದೆ. ಒಣ ಹಿಟ್ಟು ಮೆತ್ತಿದ ಅಂಚು ಒಂದಕ್ಕೊಂದು ಕೂಡಿಕೊಳ್ಳಲಿಲ್ಲ. ಹೂರಣಕ್ಕೆ ಮೀನು, ಸೊಪ್ಪು, ಉಪ್ಪು, ಸೋಯಾ ಸಾಸ್ ಎಲ್ಲ ಒಂದೇ ಸಲಕ್ಕೆ ಹಾಕಿ ಕಲಸಿದೆ. ಹತ್ತು ನಿಮಿಷದಲ್ಲಿ ಬಟ್ಟಲಿನ ತಳದಲ್ಲಿ ಹಸಿರು ನೀರು ನಿಂತಿತು. ಆ ನೀರು ಹಾಳೆಯನ್ನು ಒಳಗಿನಿಂದ ನೆನೆಸಿತು. ಮೆತ್ತಗಿನ ಕಣಕ, ಒದ್ದೆ ಹೂರಣ, ಜೋರು ಕುದಿ. 11 ಒಡೆಯದೆ ಇನ್ನೇನಾದೀತು?

ಅಮ್ಮ ಒಂದು ತಿಂದು ನೋಡಿದರು. "ರುಚಿ ಉಂಟು ಮಾರಾಯ, ಆದ್ರೆ ಇದು ಕಡುಬಲ್ಲ, ಗಂಜಿ" ಅಂದರು. ಅವರು ಹೇಳಿದ್ದು ಸರಿಯೇ ಇತ್ತು.

ಎರಡನೇ ಭಾನುವಾರ

ಈ ಸಲ ಅಡುಗೆಮನೆಯ ತಕ್ಕಡಿ ಹತ್ತಿರ ಇಟ್ಟುಕೊಂಡೆ. ಲೋಟದ ಅಳತೆ ಇಲ್ಲಿ ನಡೆಯುವುದಿಲ್ಲ. 300 ಗ್ರಾಂ ಮೈದಾಕ್ಕೆ 150 ಮಿಲಿ ತಣ್ಣೀರು, ಒಂದು ಚಿಟಿಕೆ ಉಪ್ಪು. ಅಂದರೆ ಹಿಟ್ಟಿನ ತೂಕದ ಅರ್ಧ ನೀರು. ನೀರಲ್ಲಿ ಬೇಯುವ ಜ್ಯಾವ್‌ಜಕ್ಕೆ ಇದು ಸಾಮಾನ್ಯ ಲೆಕ್ಕ.

ತಣ್ಣೀರೇ ಯಾಕೆ ಅಂತ ನೀವು ಕೇಳಬಹುದು. ನಾವು ಅಕ್ಕಿ ರೊಟ್ಟಿಗೆ ಕುದಿಯುವ ನೀರಿಗೆ ಹಿಟ್ಟು ಹಾಕಿ ಉಕ್ಕರಿಸುತ್ತೇವಲ್ಲ, ಚೀನಾದವರೂ ಹಬೆಯಲ್ಲಿ ಬೇಯಿಸುವ ಜ್ಯಾವ್‌ಜಕ್ಕೆ ಗೋಧಿ ಹಿಟ್ಟನ್ನು ಬಿಸಿನೀರಲ್ಲೇ ಕಲಸುತ್ತಾರೆ. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಅರ್ಧ ಬೆಂದು ನೀರು ಹೀರುತ್ತದೆ, ಗೋಧಿಯ ಅಂಟು ಸಡಿಲವಾಗುತ್ತದೆ. ಹಾಳೆ ಮೆತ್ತಗೆ ಬರುತ್ತದೆ, ಎಳೆದರೆ ಹರಿಯುತ್ತದೆ. ಹಬೆಯಲ್ಲಿ ಅಲುಗಾಟ ಇಲ್ಲ, ಹಾಗಾಗಿ ನಡೆಯುತ್ತದೆ. ಕುದಿಯುವ ನೀರಲ್ಲಿ ಹೊರಳಾಡುವ ಜ್ಯಾವ್‌ಜಕ್ಕೆ ಆ ಅಂಟು ಬೇಕು. ಅದಕ್ಕೇ ತಣ್ಣೀರು.

ಕಣಕ ಕಲ್ಲಿನ ಹಾಗೆ ಗಟ್ಟಿ ಅನ್ನಿಸಿತು. ನನಗೆ ತಾಳ್ಮೆ ಸಾಲಲಿಲ್ಲ. ಹತ್ತು ನಿಮಿಷ ಮುಚ್ಚಿಟ್ಟು ಲಟ್ಟಿಸಲು ಕೂತೆ. ಒಂದು ಕಡೆ ಲಟ್ಟಿಸಿದರೆ ಇನ್ನೊಂದು ಕಡೆಯಿಂದ ಕುಗ್ಗಿತು. ರಬ್ಬರು ಎಳೆದು ಬಿಟ್ಟ ಹಾಗೆ. ಹೇಗೋ 30 ಮಾಡಿದೆ. ಬೇಯಿಸಿದಾಗ ಒಡೆದದ್ದು ಬರೀ 3. ಆದರೆ ಮಡಿಸಿದ ಅಂಚು ಹಲ್ಲಿಗೆ ಹಸಿ ಹಿಟ್ಟಿನ ಹಾಗೆ ಸಿಕ್ಕಿತು. ಹೊಟ್ಟೆಯ ಕಡೆ ಒಂದು ಪದರ, ಅಂಚಿನಲ್ಲಿ ಎರಡು ಪದರ, ನೆರಿಗೆ ಇರುವಲ್ಲಿ ಇನ್ನೂ ಹೆಚ್ಚು. ಎಲ್ಲ ಕಡೆ ಒಂದೇ ದಪ್ಪ ಲಟ್ಟಿಸಿದರೆ ಅಂಚು ಬೇಯುವಷ್ಟರಲ್ಲಿ ಮೀನು ಬೆಂದು ರಬ್ಬರಾಗುತ್ತದೆ.

ಆಗ ಆಯಿಯ ಕೈ ಕಣ್ಣ ಮುಂದೆ ಬಂತು. ಅವರ ಹಾಳೆ ಚಪಾತಿಯ ಹಾಗೆ ಸಮ ಇರುತ್ತಿರಲಿಲ್ಲ. ನಡುವೆ ದಪ್ಪ, ಅಂಚು ತೆಳು.

ಲಟ್ಟಣಿಗೆ

ಅದಕ್ಕೆ ನಮ್ಮ ಮನೆಯ ಲಟ್ಟಣಿಗೆ ಆಗುವುದಿಲ್ಲ. ನಮ್ಮದು ದಪ್ಪ, ಭಾರ, ಎರಡೂ ತುದಿಗೆ ಹಿಡಿಕೆ, ಎರಡು ಕೈ ಬೇಕು. ಆಯಿಯದು ಬರೀ ಒಂದು ಕೋಲು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಒಂದು ಗೇಣಿಗಿಂತ ತುಸು ಉದ್ದ, ಹಿಡಿಕೆ ಇಲ್ಲ. ಬಲಗೈಯ ಅಂಗೈಯಲ್ಲೇ ಉರುಳುತ್ತದೆ. ಎಡಗೈ ಹಾಳೆ ತಿರುಗಿಸಲು ಖಾಲಿ ಇರಬೇಕು.

ನಮ್ಮ ಬೀದಿಯ ಬಡಗಿಯ ಹತ್ತಿರ ಹೋಗಿ ಹಲಸಿನ ಮರದ ಒಂದು ತುಂಡನ್ನು ಕಡೆಸಿದೆ. 26 ಸೆಂಟಿಮೀಟರ್ ಉದ್ದ, ಎರಡೂವರೆ ಸೆಂಟಿಮೀಟರ್ ದಪ್ಪ. ಪಾಲಿಶ್ ಬೇಡ ಅಂದೆ. ಮನೆಗೆ ತಂದು ಮೊದಲು ಒರಟು ಮರಳು ಕಾಗದ, ಆಮೇಲೆ ನಯದ್ದು ಉಜ್ಜಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಮರದ ನಾರು ಎದ್ದು ನಿಂತಿತು. ಒಣಗಿದ ಮೇಲೆ ಇನ್ನೊಮ್ಮೆ ಉಜ್ಜಿದೆ. ಈ ಎರಡನೇ ಉಜ್ಜು ಮುಖ್ಯ. ಇಲ್ಲದಿದ್ದರೆ ಒದ್ದೆ ಕಣಕ ತಾಗಿದಾಗಲೆಲ್ಲ ನಾರು ಎದ್ದು ಹಾಳೆಗೆ ಗೀರು ಬೀಳುತ್ತದೆ.

ಆಯಿ ಲಟ್ಟಿಸುವುದನ್ನು ಹತ್ತಿರದಿಂದ ನೋಡಿದ್ದು ಹೀಗೆ. ಕಣಕದ ಉಂಡೆಯನ್ನು ಅಂಗೈಯಲ್ಲಿ ಒತ್ತಿ ಬಿಲ್ಲೆ ಮಾಡುತ್ತಾರೆ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಆಚೆ ಅಂಚು ಹಿಡಿಯುತ್ತಾರೆ. ಬಲಗೈಯ ಕೋಲು ಈಚೆ ಅಂಚಿನಿಂದ ಒಳಗೆ ಹೋಗುತ್ತದೆ. ನಡು ಮುಟ್ಟುವ ಮೊದಲೇ ವಾಪಸ್. ವಾಪಸ್ ಬರುವ ಆ ಕ್ಷಣಕ್ಕೆ ಎಡಗೈ ಹಾಳೆಯನ್ನು ಚೂರು ತಿರುಗಿಸುತ್ತದೆ. ಮತ್ತೆ ಒಳಗೆ, ಮತ್ತೆ ವಾಪಸ್, ಮತ್ತೆ ತಿರುವು. ಟಕ್ ಟಕ್ ಟಕ್ ಅಂತ ಮಣೆಗೆ ಕೋಲು ಬಡಿಯುವ ಸದ್ದು. ಹತ್ತು ಹನ್ನೆರಡು ಸಲಕ್ಕೆ ಹಾಳೆ ಸಿದ್ಧ. ನಡುವೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಸ್ವಲ್ಪ ಉಬ್ಬಿರುತ್ತದೆ. ಹೂರಣ ಕೂರುವುದು ಅದರ ಮೇಲೆ. ಬೇಯುವಾಗ ಭಾರ ಬೀಳುವುದೂ ಅಲ್ಲಿಗೇ.

ನಾನು ಆ ವಾರ ದಿನಾ ರಾತ್ರಿ ಒಂದು ಹಿಡಿ ಕಣಕ ಕಲಸಿ ಅಭ್ಯಾಸ ಮಾಡಿದೆ. ಹಾಳೆ ಮಾಡುವುದು, ಮುದ್ದೆ ಮಾಡುವುದು, ಮತ್ತೆ ಹಾಳೆ ಮಾಡುವುದು. ಮೂರು ದಿನ ಎಡಗೈ ತಿರುಗಲೇ ಇಲ್ಲ. ನಾಲ್ಕನೇ ದಿನ ತಿರುಗಿತು.

ಹೂರಣದ ನೀರು

ಇಲ್ಲಿ ಒಂದು ವಿಚಿತ್ರ ಇದೆ. ಹೂರಣದಿಂದ ನೀರು ಬಿಡಬಾರದು. ಆದರೆ ಹೂರಣಕ್ಕೆ ನಾವೇ ನೀರು ಕುಡಿಸಬೇಕು. 400 ಗ್ರಾಂ ಮೀನಿಗೆ 150 ಮಿಲಿ. ಆ ನೀರು ಮೀನಿನ ಒಳಗೆ ಕೂರಬೇಕು. ಬೆಣ್ಣೆಯ ಹಾಗಿನ ಮೆತ್ತಗೆ ಅಂದೆನಲ್ಲ, ಅದು ಬರುವುದು ಈ ನೀರಿನಿಂದ.

ಕೂರಿಸುವುದು ಉಪ್ಪಿನ ಕೆಲಸ. ಮೀನಿಗೆ ಮೊದಲು ಒಂದು ಟೀ ಚಮಚ ಉಪ್ಪು ಮಾತ್ರ ಹಾಕಿ, ಒಂದೇ ದಿಕ್ಕಿಗೆ ಜೋರಾಗಿ ತಿರುವಬೇಕು. ಉಪ್ಪಿಗೆ ಮೀನಿನ ಪ್ರೋಟೀನು ಕರಗಿ ಅಂಟು ಅಂಟಾಗುತ್ತದೆ. ಸೌಟು ಎಳೆದರೆ ಬಟ್ಟಲೇ ಜೊತೆಗೆ ಬರುವಷ್ಟು. ಆಮೇಲೆ ನೀರು, ಎರಡೆರಡು ದೊಡ್ಡ ಚಮಚದ ಹಾಗೆ. ಹಾಕಿದ್ದು ಪೂರ್ತಿ ಮಾಯವಾದ ಮೇಲೆ ಮುಂದಿನದು. ಐದಾರು ಕಂತು ಬೇಕು. ಎರಡನೇ ಭಾನುವಾರ ನಾನು ಒಂದೇ ಸಲಕ್ಕೆ ಸುರಿದಿದ್ದೆ. ನೀರು ಬೇರೆ, ಮೀನು ಬೇರೆ ಆಗಿ ಕೂತಿತ್ತು. ಮೀನು, ನೀರು, ಬಟ್ಟಲು ಮೂರೂ ಫ್ರಿಜ್ಜಿನಿಂದ ತೆಗೆದ ತಣ್ಣಗಿನವೇ ಆಗಬೇಕು. ಮೀನು ಬಿಸಿಯಾದಷ್ಟೂ ನೀರು ಹಿಡಿಯುವ ಶಕ್ತಿ ಹೋಗುತ್ತದೆ. ನಮ್ಮ ಅಡುಗೆಮನೆ ನವೆಂಬರಿನಲ್ಲೂ 31 ಡಿಗ್ರಿ. ಬಟ್ಟಲ ಕೆಳಗೆ ಐಸ್ ಹಾಕಿದ ಪಾತ್ರೆ ಇಟ್ಟುಕೊಂಡೆ.

ಹಾಕುವುದು ಸುಮ್ನೆ ನಲ್ಲಿ ನೀರಲ್ಲ. ಆಯಿ 'ಹ್ವಾಜ್ಯಾವ್' ಅನ್ನುವ ಕಾಳನ್ನು ಬಿಸಿನೀರಲ್ಲಿ ನೆನೆಸಿ, ಆ ನೀರು ಹಾಕುತ್ತಿದ್ದರು. ನಾಲಿಗೆ ಜುಮ್ ಅನ್ನಿಸುವ ಕಾಳು. ಅದು ನಮ್ಮಲ್ಲಿ ಎಲ್ಲಿ ಸಿಗಬೇಕು ಅಂದುಕೊಂಡಿದ್ದೆ. ಅಮ್ಮನ ಮಸಾಲೆ ಡಬ್ಬಿಯಲ್ಲೇ ಇತ್ತು! ಬಂಗುಡೆ ಸಾರಿಗೆ ಹಾಕುವ ಜುಮ್ಮನಕಾಯಿ, ಕೊಂಕಣಿಯವರ ತೆಪ್ಪಲ. ಹ್ವಾಜ್ಯಾವ್ ಮತ್ತು ಇದು ಎರಡೂ ಝಾಂಥೋಕ್ಸೈಲಂ ಕುಲದ ಮರದ ಕಾಯಿ. ಒಳಗಿನ ಕಪ್ಪು ಬೀಜ ತೆಗೆದು ಸಿಪ್ಪೆ ಮಾತ್ರ ಬಳಸುವುದೂ ಎರಡಕ್ಕೂ ಒಂದೇ. ಎಂಟು ಸಿಪ್ಪೆ, ಜಜ್ಜಿದ ಶುಂಠಿ, ನೀರುಳ್ಳಿ ಸೊಪ್ಪಿನ ಬಿಳಿ ಭಾಗ, 200 ಮಿಲಿ ಬಿಸಿನೀರು. ಅರ್ಧ ಗಂಟೆ ಬಿಟ್ಟು ಸೋಸಿ ಫ್ರಿಜ್ಜಿಗೆ. ನಮ್ಮ ಜುಮ್ಮನಕಾಯಿಯ ಪರಿಮಳ ಸ್ವಲ್ಪ ಜೋರು, ಎಂಟಕ್ಕಿಂತ ಜಾಸ್ತಿ ಬೇಡ.

ನೀರು ಕುಡಿದ ಮೇಲೆ ಒಂದು ಮೊಟ್ಟೆಯ ಬಿಳಿ, ಒಂದು ದೊಡ್ಡ ಚಮಚ ಸೋಯಾ ಸಾಸ್. ಕೊನೆಗೆ ಎಣ್ಣೆ. ದಾಲಿಯನ್‌ನಲ್ಲಿ ಸ್ವಲ್ಪ ಹಂದಿ ಕೊಬ್ಬು ಸೇರಿಸುತ್ತಾರೆ, ಅಂಜಲ್ ಜಾತಿಯ ಮೀನು ಬೆಂದರೆ ಒಣಗುತ್ತದೆ ಅಂತ. ನಮ್ಮ ಮನೆಯಲ್ಲಿ ಅದು ಆಗುವುದಿಲ್ಲ. ಮೂರು ದೊಡ್ಡ ಚಮಚ ಸೂರ್ಯಕಾಂತಿ ಎಣ್ಣೆಯಲ್ಲಿ ನೀರುಳ್ಳಿ ಸೊಪ್ಪು ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಿಸಿ, ಆರಿಸಿ ಹಾಕಿದೆ. ಎಳ್ಳೆಣ್ಣೆಯ ಬಗ್ಗೆ ಒಂದು ಮಾತು. ಚೀನಾದವರದು ಹುರಿದ ಎಳ್ಳಿನ ಎಣ್ಣೆ, ಬಣ್ಣ ಕಂದು, ಪರಿಮಳ ಗಾಢ. ನಮ್ಮ ಗಾಣದ ಎಳ್ಳೆಣ್ಣೆ ಹಸಿ ಎಳ್ಳಿನದು. ಒಂದರ ಬದಲು ಇನ್ನೊಂದು ಹಾಕಿದರೆ ಆ ರುಚಿ ಬರುವುದಿಲ್ಲ. ಹುರಿದದ್ದು ಸಿಗದಿದ್ದರೆ ಬಿಳಿ ಎಳ್ಳನ್ನು ಕೆಂಪಗೆ ಹುರಿದು ಪುಡಿ ಮಾಡಿ ಒಂದು ಚಮಚ ಹಾಕಿ. ನಾನು ಮಾಡಿದ್ದು ಅದೇ.

ಸೊಪ್ಪು. ಅಲ್ಲಿ ಬೆಳ್ಳುಳ್ಳಿ ವಾಸನೆಯ, ಚಪ್ಪಟೆ ಎಲೆಯ ಒಂದು ಸೊಪ್ಪು ಹಾಕುತ್ತಾರೆ. ಮಂಗಳೂರಿನಲ್ಲಿ ನನಗೆ ಸಿಗಲಿಲ್ಲ. ನೀರುಳ್ಳಿ ಸೊಪ್ಪಿನ ಹಸಿರು ಭಾಗ 120 ಗ್ರಾಂ, ಜೊತೆಗೆ ಎರಡು ಎಸಳು ಬೆಳ್ಳುಳ್ಳಿ ತುರಿದು ಹಾಕಿದೆ. ಹೆಚ್ಚಿದ ಸೊಪ್ಪಿಗೆ ಮೊದಲು ಒಂದು ಚಮಚ ಎಣ್ಣೆ ಸವರಿ ಇಡಬೇಕು. ಎಣ್ಣೆಯ ಪದರ ಇದ್ದರೆ ಉಪ್ಪು ಬೇಗ ನೀರು ಎಳೆಯುವುದಿಲ್ಲ. ಮೀನಿಗೆ ಸೇರಿಸುವುದು ಮಡಿಸಲು ಕೂರುವ ಹೊತ್ತಿಗೆ ಮಾತ್ರ. ಮೊದಲ ವಾರದ ಹಸಿರು ನೀರು ಇಷ್ಟಕ್ಕೇ ನಿಂತಿತು.

ಮೂರನೇ ಭಾನುವಾರ

ಕಣಕಕ್ಕೆ ಈ ಸಲ 145 ಮಿಲಿ ನೀರು. ನಮ್ಮ ಕರಾವಳಿಯ ಗಾಳಿಯಲ್ಲಿ ಮೈದಾ ಡಬ್ಬಿಯಲ್ಲಿ ಕೂತೇ ತೇವ ಹೀರಿರುತ್ತದೆ, ಐದು ಮಿಲಿ ಕಮ್ಮಿ ಮಾಡಿದರೆ ಮಣೆಗೆ ಅಂಟುವುದಿಲ್ಲ. ಒರಟಾಗಿ ಕಲಸಿ 20 ನಿಮಿಷ ಒದ್ದೆ ಬಟ್ಟೆ ಮುಚ್ಚಿಟ್ಟೆ. ಮತ್ತೆ ನಾದಿ 40 ನಿಮಿಷ ಇಟ್ಟೆ. ಅದೇ ಕಣಕ, ಅದೇ ನೀರು. ಕಲ್ಲಿನ ಹಾಗಿದ್ದದ್ದು ಕಿವಿಯ ಹಾಲೆಯ ಹಾಗೆ ಆಗಿತ್ತು. ಒತ್ತಿದರೆ ಗುಳಿ ಬಿದ್ದು ನಿಧಾನಕ್ಕೆ ಮೇಲೆ ಬರುತ್ತದೆ. ನೀರು ಹೆಚ್ಚಿಸುವ ಬದಲು ಹೊತ್ತು ಕೊಡಬೇಕಿತ್ತು ಅಷ್ಟೆ.

ಅಮ್ಮ ಪಕ್ಕದಲ್ಲಿ ಬಂದು ಕೂತರು. ನಾನು ಲಟ್ಟಿಸಿ ಕೊಡುವುದು, ಅವರು ತುಂಬಿ ಮಡಿಸುವುದು. ಒಂದು ಮಡಿಸಿ ತೋರಿಸಿದೆ. ಹಾಳೆ ಎಡ ಅಂಗೈಯಲ್ಲಿ, ನಡುವೆ 22 ಗ್ರಾಂ ಹೂರಣ. ಮೊದಲು ಹಾಳೆ ಮಡಿಸಿ ಅಂಚಿನ ನಡುಭಾಗವನ್ನು ಒತ್ತಬೇಕು. ಆಮೇಲೆ ಹೊರಗಿನ ಅಂಚಿನಲ್ಲಿ ಮಾತ್ರ ನೆರಿಗೆ ಹಿಡಿದು, ಒಳಗಿನ ಅಂಚಿಗೆ ಅಂಟಿಸುತ್ತಾ ಹೋಗಬೇಕು. ಗಾಳಿ ಒಳಗೆ ಉಳಿಯಬಾರದು. ಹೂರಣದ ಎಣ್ಣೆ ಅಂಚಿಗೆ ತಾಗಿದರೆ ಅಲ್ಲಿ ಎಷ್ಟು ಒತ್ತಿದರೂ ಅಂಟುವುದಿಲ್ಲ.

ಅಮ್ಮ ಒಂದು ಕ್ಷಣ ನೋಡಿದರು. "ಇದು ಕರ್ಜಿಕಾಯಿಯ ಹಾಗೇ ಅಲ್ವಾ?" ಅಂದವರೇ ಅಂಚನ್ನು ಮುರಿಗೆ ಹಾಕಿ ಹೆಣೆಯಲು ಶುರು ಮಾಡಿದರು. ಹಬ್ಬಕ್ಕೆ ಕರ್ಜಿಕಾಯಿ ಮಾಡಿ ಪಳಗಿದ ಬೆರಳು. ಹೆಬ್ಬೆರಳು ಒತ್ತುತ್ತದೆ, ತೋರುಬೆರಳು ಮಡಚುತ್ತದೆ, ಹೆಬ್ಬೆರಳು ಮತ್ತೆ ಒತ್ತುತ್ತದೆ. ಹಗ್ಗ ಹೊಸೆದ ಹಾಗೆ ಅಂಚು ಮುಂದೆ ಹೋಗುತ್ತದೆ. ನನ್ನ ಒಂದು ಮುಗಿಯುವಷ್ಟರಲ್ಲಿ ಅವರದು ಎರಡು. ಅಂಚು ತೆಳು ಇದ್ದದ್ದರಿಂದ ಮುರಿಗೆಯೂ ದಪ್ಪ ಆಗಲಿಲ್ಲ.

ತಟ್ಟೆಯಲ್ಲಿ ಸಾಲಾಗಿ ಕೂತ ಜ್ಯಾವ್‌ಜ ನೋಡಿದರೆ ಕಿವಿಯ ಹಾಗೇ ಕಾಣುತ್ತದೆ. ಅದಕ್ಕೊಂದು ಕತೆಯೂ ಇದೆ. ಹಾನ್ ವಂಶದ ಕೊನೆಗಾಲದ ವೈದ್ಯ ಝಾಂಗ್ ಝೋಂಗ್‌ಜಿಂಗ್, ಚಳಿಗೆ ಕಿವಿ ಹುಣ್ಣಾದ ಬಡವರಿಗೆ ಕುರಿ ಮಾಂಸ ಮತ್ತು ಔಷಧಿಯನ್ನು ಕಿವಿಯಾಕಾರದ ಕಣಕದಲ್ಲಿ ಕಟ್ಟಿ ಬೇಯಿಸಿ ಕೊಟ್ಟರಂತೆ. ಚಳಿಗಾಲದ ಅತಿ ಸಣ್ಣ ಹಗಲಿನ ದಿನ ಜ್ಯಾವ್‌ಜ ತಿನ್ನದಿದ್ದರೆ ಕಿವಿ ಉದುರುತ್ತದೆ ಅಂತ ಉತ್ತರ ಚೀನಾದಲ್ಲಿ ಈಗಲೂ ಮಕ್ಕಳಿಗೆ ಹೇಳುತ್ತಾರೆ. ಕತೆ ಹೇಗೇ ಇರಲಿ, ತಿಂಡಿ ಹಳೆಯದೇ. ಷಿನ್‌ಜಿಯಾಂಗ್‌ನ ತುರ್ಪಾನ್ ಹತ್ತಿರದ ಅಸ್ತಾನಾ ಸಮಾಧಿಗಳಲ್ಲಿ ಟಾಂಗ್ ವಂಶದ ಕಾಲದ, ಅಂದರೆ 618ರಿಂದ 907ರ ನಡುವಿನ ಜ್ಯಾವ್‌ಜ ಒಣಗಿದ ರೂಪದಲ್ಲೇ ಸಿಕ್ಕಿವೆ. ಆ ಮರುಭೂಮಿಯ ಒಣ ಹವೆಯಲ್ಲಿ ಅದರ ಆಕಾರವೂ ಹಾಗೇ ಉಳಿದಿದೆ.

ಪಾತ್ರೆಯ ನೀರು

ಅಗಲ ಬಾಯಿಯ ಪಾತ್ರೆ, ಮೂರು ಲೀಟರ್ ನೀರು, ಸ್ವಲ್ಪ ಉಪ್ಪು. ಒಂದು ಸಲಕ್ಕೆ 15 ಮಾತ್ರ. ಹಾಕಿದ ಕೂಡಲೇ ಸೌಟಿನ ಬೆನ್ನಿನಿಂದ ತಳ ಸವರಿದ ಹಾಗೆ ಒಂದೇ ದಿಕ್ಕಿಗೆ ತಳ್ಳಬೇಕು. ಮೊದಲ ಅರ್ಧ ನಿಮಿಷ ತಳಕ್ಕೆ ಅಂಟುವ ಹೊತ್ತು. ಸೌಟಿನ ಬಾಯಿ ತಾಗಿಸಿದರೆ ಹಾಳೆ ಹರಿಯುತ್ತದೆ.

ನೀರು ಮತ್ತೆ ಕುದಿ ಬಂದಾಗ ಅರ್ಧ ಲೋಟ ತಣ್ಣೀರು. ಇನ್ನೊಮ್ಮೆ ಕುದಿ, ಇನ್ನರ್ಧ ಲೋಟ. ಮೂರನೇ ಸಲವೂ ಹಾಗೇ. ಮೊದಲ ವಾರ ನಾನು ಇದನ್ನು ಬಿಟ್ಟಿದ್ದೆ, ಬರೀ ಸಂಪ್ರದಾಯ ಇರಬೇಕು ಅಂದುಕೊಂಡು. ಹಾಗಲ್ಲ. ಜೋರು ಕುದಿಯಲ್ಲಿ ಜ್ಯಾವ್‌ಜ ಒಂದಕ್ಕೊಂದು ಬಡಿದು ಹೊರಪದರ ಸವೆಯುತ್ತದೆ, ಒಳಗೆ ಇನ್ನೂ ಬೆಂದಿರುವುದಿಲ್ಲ. ತಣ್ಣೀರು ಆ ಹೊಡೆತ ತಗ್ಗಿಸಿ ಒಳಗಿನದಕ್ಕೆ ಬೇಯಲು ಹೊತ್ತು ಕೊಡುತ್ತದೆ. "ಮುಚ್ಚಿದರೆ ಹೂರಣ ಬೇಯುತ್ತದೆ, ತೆರೆದರೆ ಹಾಳೆ ಬೇಯುತ್ತದೆ" ಅಂತ ಅಲ್ಲೊಂದು ಮಾತಿದೆ. ಮೀನು ಬೇಗ ಬೇಯುತ್ತದೆ, ಹಾಗಾಗಿ ನಾನು ಮುಚ್ಚಳ ಹಾಕಲಿಲ್ಲ. ಆರು ನಿಮಿಷಕ್ಕೆ ಎಲ್ಲ ತೇಲಿ, ಹೊಟ್ಟೆ ಉಬ್ಬಿಸಿಕೊಂಡು ನಿಂತವು. ಬೆರಳಿನಿಂದ ಒತ್ತಿದರೆ ಗುಳಿ ತಕ್ಷಣ ತುಂಬಿಕೊಂಡರೆ ಬೆಂದಿದೆ ಅಂತ.

29ರಲ್ಲಿ ಒಂದು ಮಾತ್ರ ಬಾಯಿ ಬಿಟ್ಟಿತು. ಅದು ನಾನು ಮಡಿಸಿದ್ದು. ಅಮ್ಮನದು ಒಂದೂ ಇಲ್ಲ.

ಅದ್ದಿಕೊಳ್ಳಲು ಕಪ್ಪು ವಿನೆಗರ್ ಬೇಕು. ಅಕ್ಕಿಯಿಂದ ಮಾಡುವ ಝೆನ್‌ಜಿಯಾಂಗ್ ವಿನೆಗರ್ ಅಂತ ಕೇಳಿ. ದೊಡ್ಡ ಊರುಗಳ ಅಂಗಡಿಗಳಲ್ಲಿ ಸಿಗುತ್ತದೆ. ನಮ್ಮ ಬಿಳಿ ವಿನೆಗರ್ ಬರೀ ಹುಳಿ, ಅದಕ್ಕೆ ಪರಿಮಳ ಇಲ್ಲ. ವಿನೆಗರ್, ಜಜ್ಜಿದ ಬೆಳ್ಳುಳ್ಳಿ, ಎರಡು ಹನಿ ಸೋಯಾ. ಮೀನಿನದಕ್ಕೆ ಇನ್ನೇನೂ ಬೇಡ.

ನಾಲ್ಕನೇ ಭಾನುವಾರ

ಎಲ್ಲ ಎರಡರಷ್ಟು. 600 ಗ್ರಾಂ ಮೈದಾ, 290 ಮಿಲಿ ನೀರು, 800 ಗ್ರಾಂ ಮೀನು. ಯಾಕೆಂದರೆ ತಂಗಿ ರಜೆ ಮುಗಿಸಿ ಸೋಮವಾರ ಬೆಳಗ್ಗೆ ದುಬೈಗೆ ಹೊರಡುವವಳಿದ್ದಳು. 59 ಆಯಿತು. ಭಾನುವಾರ ರಾತ್ರಿ ಊಟಕ್ಕೆ 29 ಬೇಯಿಸಿದೆವು. ಉಳಿದ 30ನ್ನು ಮೈದಾ ಉದುರಿಸಿದ ಸ್ಟೀಲ್ ತಟ್ಟೆಗಳಲ್ಲಿ ಒಂದಕ್ಕೊಂದು ತಾಗದ ಹಾಗೆ ಇಟ್ಟು ಫ್ರೀಜರಿಗೆ ಹಾಕಿದೆ. ಎರಡು ಗಂಟೆಗೆ ಗಟ್ಟಿಯಾದವು. ಆಮೇಲೆ ಡಬ್ಬಿಗೆ ತುಂಬಬಹುದು. ಹಸಿಯಾಗಿ ಡಬ್ಬಿಗೆ ಹಾಕಿದರೆ ಎಲ್ಲ ಸೇರಿ ಒಂದೇ ಮುದ್ದೆ.

ದಾಲಿಯನ್‌ನಿಂದ ನಾನು ಹೊರಟ ದಿನವೂ ಹೀಗೇ. ಬೆಳಗ್ಗೆ ಐದಕ್ಕೆ ಆಯಿ ಬಾಗಿಲು ಬಡಿದಿದ್ದರು, ಕೈಯಲ್ಲಿ ಮುಚ್ಚಿದ ಬಟ್ಟಲು. ಹೊರಡುವವರಿಗೆ ಜ್ಯಾವ್‌ಜ, ಬಂದವರಿಗೆ ನೂಡಲ್ಸ್ ಅನ್ನುವುದು ಅಲ್ಲಿನ ರೂಢಿ.

ಸೋಮವಾರ ಮೂರೂವರೆಗೆ ಎದ್ದು ನೀರಿಟ್ಟೆ. ಫ್ರೀಜರಿನದನ್ನು ಕರಗಿಸಬಾರದು. ಕರಗಿದರೆ ಹಾಳೆ ಒದ್ದೆಯಾಗಿ ಹರಿಯುತ್ತದೆ. ಗಟ್ಟಿಯಾಗಿದ್ದ ಹಾಗೇ ಕುದಿಯುವ ನೀರಿಗೆ 12 ಹಾಕಿದೆ. ತಣ್ಣೀರು ಮೂರು ಸಲದ ಬದಲು ನಾಲ್ಕು ಸಲ. ಒಂಬತ್ತು ನಿಮಿಷ ಹಿಡಿಯಿತು. ತಂಗಿ ಸೂಟ್‌ಕೇಸಿನ ಮೇಲೆ ಕೂತು ಹತ್ತು ತಿಂದಳು, ಎರಡು ಅಮ್ಮನ ಬಾಯಿಗೆ ಹಾಕಿದಳು. ಬೇಯಿಸಿದ ನೀರನ್ನು ಒಂದು ಲೋಟಕ್ಕೆ ಬಗ್ಗಿಸಿ ಕೊಟ್ಟೆ. ತಿಂದದ್ದನ್ನು ಅದರದೇ ನೀರು ಅರಗಿಸುತ್ತದೆ ಅಂತ ಅಲ್ಲಿನವರು ಕುಡಿಯುತ್ತಾರೆ. ನಮ್ಮ ಗಂಜಿ ತಿಳಿಯ ಹಾಗೇ ಇರುತ್ತದೆ. ಅವಳು ಚೂರು ಉಪ್ಪು ಹಾಕಿಸಿಕೊಂಡು ಕುಡಿದು, ಬಜ್ಪೆ ವಿಮಾನ ನಿಲ್ದಾಣಕ್ಕೆ ಕಾರು ಹತ್ತಿದಳು.

ಫ್ರೀಜರಿನಲ್ಲಿ ಇನ್ನೂ 18 ಇವೆ. ಮೀನಿನದಾದ್ದರಿಂದ ಮೂರು ನಾಲ್ಕು ವಾರದೊಳಗೆ ಮುಗಿಸಬೇಕು. ಅದರಲ್ಲಿ ಒಂಬತ್ತನ್ನು ಮುಂದಿನ ವಾರ ದೋಸೆ ಕಾವಲಿಯಲ್ಲಿ ತಳ ಕೆಂಪಗೆ ಹುರಿದು, ಅರ್ಧ ಲೋಟ ನೀರಿಗೆ ಒಂದು ಚಮಚ ಮೈದಾ ಕದಡಿ ಸುರಿದು, ಮುಚ್ಚಿ ಬೇಯಿಸಿ ನೋಡುವುದಿದೆ. ನೀರು ಆರಿದ ಮೇಲೆ ತಳದಲ್ಲಿ ಗರಿಗರಿ ಜಾಲರಿ ಏಳುತ್ತದೆ. ಕಾವಲಿಗೆ ಸರಿಯಾಗಿ ಕೂರುವ ಮುಚ್ಚಳ ಹುಡುಕುತ್ತಿದ್ದೇನೆ.